ಬೆಂಗಳೂರಿನ ಮಳೆಯಲ್ಲಿ ಮುಳುಗಿದ ಸೆಲ್ಟೋಸ್ ನಿಮ್ಮೂರಿಗೂ ಬಂದಿರಬಹುದು, ಹುಷಾರು

ಸೆಕೆಂಡ್ ಹ್ಯಾಂಡ್ ಕಿಯಾ ಸೆಲ್ಟೋಸ್ ನೋಡುತ್ತಿದ್ದೀರಾ? ಅದರಲ್ಲೂ 2019ರಿಂದ 2022ರೊಳಗಿನ ಗಾಡಿ, ಬೆಂಗಳೂರು ನೋಂದಣಿ, ಮಾರ್ಕೆಟ್ ರೇಟಿಗಿಂತ ಒಂದೂವರೆ ಲಕ್ಷ ಕಡಿಮೆಗೆ ಸಿಗುತ್ತಿದೆಯಾ? ಹಾಗಿದ್ದರೆ ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಪೂರ್ತಿ ಓದಿ. ನಮಗೆ ಮಾರಿದ್ದು ನೀರಲ್ಲಿ ಮುಳುಗಿದ್ದ ಕಾರು. ಮಾರಿದವರು ಬೆಂಗಳೂರಿನ ಒಬ್ಬ ಹಳೇ ಕಾರಿನ ಡೀಲರ್. ವಿಷಯ ಗ್ರಾಹಕರ ಆಯೋಗದಲ್ಲಿದೆ, ಹಾಗಾಗಿ ಹೆಸರು ಬರೆಯುತ್ತಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾರು ಮಾಡಿದ ಕಂಪನಿಯ ಮೇಲೆ ನನ್ನ ದೂರಿಲ್ಲ. ಈ ಕಾರನ್ನು ಜನ ಮೆಚ್ಚುವುದು ಒಳಗಿನ ಎಲೆಕ್ಟ್ರಾನಿಕ್ ಫೀಚರ್‌ಗಳಿಗೆ, ನೀರು ನುಗ್ಗಿದರೆ ಮೊದಲು ಹಾಳಾಗುವುದೂ ಅವೇ. ಮೋಸ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಕೊಳ್ಳುವವರಿಗೂ ಗೊತ್ತಿರಬೇಕು.

ಕಿಯಾ ಕೊರಿಯಾದ ಹಳೇ ಕಂಪನಿ. 1944ರಲ್ಲಿ ಸೋಲ್ ನಗರದಲ್ಲಿ ಸ್ಟೀಲ್ ಪೈಪು, ಸೈಕಲ್ ಬಿಡಿಭಾಗ ಮಾಡುವ ಕಾರ್ಖಾನೆಯಾಗಿ ಶುರುವಾಯಿತು. 1952ರಲ್ಲಿ ಕಿಯಾ ಎಂಬ ಹೆಸರು ಬಂತು, ಸುಮಾರು ಅದೇ ಹೊತ್ತಿಗೆ ಕೊರಿಯಾದ ಮೊದಲ ಸೈಕಲ್ಲೂ ಬಂತು. 1974ರಲ್ಲಿ ಬ್ರಿಸಾ ಎಂಬ ಕಾರು ಮಾಡಿದರು. 1981ರಲ್ಲಿ ಅಲ್ಲಿನ ಸರ್ಕಾರ ನೀವು ಕಾರು ಬಿಡಿ, ಸಣ್ಣ ಟ್ರಕ್ಕು ಮಾತ್ರ ಮಾಡಿ ಎಂದುಬಿಟ್ಟಿತು. ಬೊಂಗೊ ಎಂಬ ವ್ಯಾನ್ ಅವರನ್ನು ಆಗ ಕಾಪಾಡಿತು. 1997ರಲ್ಲಿ ದಿವಾಳಿಯಾದರು, 1998ರಲ್ಲಿ ಹ್ಯುಂಡೈ ಕೊಂಡುಕೊಂಡಿತು. 2006ರಲ್ಲಿ ಆಡಿ ಕಾರುಗಳ ವಿನ್ಯಾಸದಲ್ಲಿ ಹೆಸರು ಮಾಡಿದ್ದ ಪೀಟರ್ ಶ್ರೇಯರ್ ಅವರನ್ನು ಕರೆತಂದರು. ಅಲ್ಲಿಂದ ಕಿಯಾ ಕಾರಿನ ಮುಖವೇ ಬದಲಾಯಿತು. ಅಗ್ಗದ ಕಾರು ಅನ್ನುತ್ತಿದ್ದವರು ತಿರುಗಿ ನೋಡುವ ಹಾಗಾಯಿತು.

ಭಾರತಕ್ಕೆ ಬಂದದ್ದು ತಡವಾಗಿ. ಬೆಂಗಳೂರಿಂದ ಬಾಗೇಪಲ್ಲಿ ದಾಟಿ ಅನಂತಪುರದ ಹೆದ್ದಾರಿಯಲ್ಲಿ ಹೋದವರು ಪೆನುಕೊಂಡದ ಹತ್ತಿರ ಫ್ಯಾಕ್ಟರಿ ನೋಡಿರುತ್ತೀರಿ. ತಾಳಿಕೋಟೆ ಯುದ್ಧದ ನಂತರ ವಿಜಯನಗರದ ಅರಸರು ಹೋಗಿ ನೆಲೆಸಿದ ಅದೇ ಪೆನುಕೊಂಡ. 2019ರ ಆಗಸ್ಟ್‌ನಲ್ಲಿ ಸೆಲ್ಟೋಸ್ ಬಿಡುಗಡೆಯಾಯಿತು. 2023ರ ಜುಲೈ ಹೊತ್ತಿಗೆ ಅಲ್ಲಿಂದ ಒಟ್ಟು 10 ಲಕ್ಷ ಕಿಯಾ ಕಾರುಗಳು ಹೊರಬಂದಿದ್ದವು. ಅಷ್ಟು ಗಾಡಿ ಬಂದಮೇಲೆ ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಿಗೂ ಬರುತ್ತವೆ, ಅಲ್ವಾ?

ಸೆಲ್ಟೋಸ್ ಇಟ್ಟುಕೊಂಡವರನ್ನು ಕೇಳಿ. ಹೆಚ್ಚಿನವರು ಫೀಚರ್ ಬಗ್ಗೆಯೇ ಮಾತಾಡುತ್ತಾರೆ. ಸೀಟಿಂದಲೇ ತಣ್ಣನೆ ಗಾಳಿ, ದೊಡ್ಡ ಸ್ಕ್ರೀನ್, ಸನ್‌ರೂಫ್, ಫೋನಿಂದಲೇ ಎಸಿ ಆನ್ ಮಾಡುವುದು. ಡೀಸೆಲ್ ಇಂಜಿನ್ ಇಷ್ಟ ಅನ್ನುವವರು ಬಹಳ. ಬೇಸರ ಹೇಳುವವರೂ ಇದ್ದಾರೆ. ಹಾಳು ರಸ್ತೆಯಲ್ಲಿ ಸಸ್ಪೆನ್ಷನ್ ಬಿರುಸು, ಟರ್ಬೊ ಪೆಟ್ರೋಲ್ ಸಿಟಿಯಲ್ಲಿ ಮೈಲೇಜ್ ಕೊಡಲ್ಲ ಅನ್ನುತ್ತಾರೆ. ಕಾರನ್ನು ಡಿಕ್ಕಿ ಹೊಡೆಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 2020ರಲ್ಲಿ ಸಿಕ್ಕಿದ್ದು ಐದಕ್ಕೆ ಮೂರೇ ಸ್ಟಾರ್, ಬಾಡಿ ಅಸ್ಥಿರ ಎಂದು ಬರೆದಿದ್ದರು. ಇದು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾವು ದಾವಣಗೆರೆಯವರು. ಅಪ್ಪ ಅಮ್ಮನ ಓಡಾಟಕ್ಕೆ ಅಂತ ಅಣ್ಣ ಮತ್ತು ನಾನು ಸೇರಿ ಈ ಗಾಡಿ ತಗೊಂಡೆವು. 2020ರ ಕಾರು, ಒಬ್ಬರೇ ಓನರ್, ಇನ್ಶೂರೆನ್ಸ್ ಕ್ಲೇಮ್ ಇಲ್ಲ ಎಂದರು. ಒಳಗೆ ಹೊಸದರಂತೆ ಹೊಳೆಯುತ್ತಿತ್ತು. ಸರ್ವಿಸ್ ಹಿಸ್ಟರಿ ಎಂದು ಒಂದು ಪ್ರಿಂಟ್ ಕೈಗೆ ಕೊಟ್ಟರು. ಟೆಸ್ಟ್ ಡ್ರೈವ್‌ನಲ್ಲಿ ಎಲ್ಲವೂ ಕೆಲಸ ಮಾಡಿತು. ನೀರಿನ ಹಾನಿ ಹಾಗೆಯೇ. ಮೊದಲ ವಾರ ಏನೂ ಕಾಣಿಸುವುದಿಲ್ಲ. ವೈರಿನ ತುದಿ, ಕನೆಕ್ಟರ್ ಪಿನ್ನು ಒಳಗೊಳಗೇ ತಿಂದುಹೋಗಲು ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಗಾಡಿ ಕೈ ಬದಲಾಗಿರುತ್ತದೆ.

ನಮ್ಮ ಕಾರಿನಲ್ಲಿ ಮೊದಲು ನಿಂತದ್ದು ಡ್ರೈವರ್ ಸೀಟಿನ ಗಾಳಿ. ಆಮೇಲೆ ಎಡಗಡೆ ಕಿಟಕಿ ತಾನಾಗಿ ಇಳಿಯತೊಡಗಿತು. ಒಂದು ರಾತ್ರಿ ಮನೆ ಮುಂದೆ ನಿಲ್ಲಿಸಿದ್ದ ಗಾಡಿ ಹಾರ್ನ್ ಹೊಡೆಯಲು ಶುರುಮಾಡಿತು. ಆಮೇಲೆ ಹಿರಿಯೂರಿನ ಹತ್ತಿರ ಹೆದ್ದಾರಿಯಲ್ಲಿ ಸ್ಕ್ರೀನ್ ಕಪ್ಪಾಯಿತು, ಸ್ಟೇರಿಂಗ್ ಒಮ್ಮೆಗೇ ಬಿಗಿಯಾಯಿತು. ಅಣ್ಣ ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿದ. ಹಿಂದಿನ ಸೀಟಿನಲ್ಲಿ ಅಮ್ಮ ಇದ್ದರು.

ಪಿ.ಬಿ. ರಸ್ತೆಯ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ತೋರಿಸಿದೆವು. ಅವರು ಸ್ಕ್ಯಾನರ್ ಹಾಕಿದರು. ಸಾಲುಸಾಲು ಎರರ್. ಅದನ್ನು ಅರ್ಧ ನೋಡಿ ಪಕ್ಕಕ್ಕಿಟ್ಟು, ಮುಂದಿನ ಸೀಟಿನ ಬೋಲ್ಟ್ ಬಿಚ್ಚಿ ಸೀಟು ಹಿಂದಕ್ಕೆ ವಾಲಿಸಿದರು. ಸೀಟಿನ ಕಂಬಿಯ ಕೆಳಭಾಗ ಪೂರ್ತಿ ತುಕ್ಕು. ಕಾರ್ಪೆಟ್ ಮೇಲೆ ಹೊಸದು. ಅದನ್ನು ಎತ್ತಿದರೆ ಕೆಳಗಿನ ಸ್ಪಂಜು ಇನ್ನೂ ತೇವ. ಹಳದಿ ಕನೆಕ್ಟರ್ ಒಂದನ್ನು ಬಿಡಿಸಿ ತೋರಿಸಿದರು. ಪಿನ್ನುಗಳ ಮೇಲೆ ಹಸಿರು ಪುಡಿ ಕಟ್ಟಿತ್ತು. ಗ್ಲೋವ್ ಬಾಕ್ಸ್ ತೆಗೆದಾಗ ಅದರ ಹಿಂದೆ ಕೈಗೆಟುಕದ ಮೂಲೆಯಲ್ಲಿ ನುಣ್ಣನೆ ಕೆಂಪು ಮಣ್ಣು, ಒಣಗಿ ಸಿಪ್ಪೆ ಎದ್ದಿತ್ತು. "ಅಣ್ಣಾ, ಗಾಡಿ ನೀರು ಕುಡಿದೈತೆ" ಅಂದರು. ಅಷ್ಟೇ ಅಂದರು.

ಆಮೇಲೆ ಗೇರ್ ಹತ್ತಿರದ ಕನ್ಸೋಲ್ ಬಿಚ್ಚಿದರು. ಡಿಕ್ಕಿಯಾದಾಗ ಏರ್‌ಬ್ಯಾಗ್ ಬಿಚ್ಚಿಸುವ ಕಂಟ್ರೋಲ್ ಯೂನಿಟ್ ಇರುವುದು ಅಲ್ಲೇ, ನೆಲಕ್ಕೆ ಅಂಟಿದಂತೆ. ಕಾರೊಳಗೆ ನೀರು ಬಂದರೆ ಬೇಗ ಮುಳುಗುವ ಭಾಗಗಳಲ್ಲಿ ಅದೂ ಒಂದು. ನಮ್ಮದರ ಡಬ್ಬಿಯ ಸುತ್ತ ಬಿಳಿ ಕಲೆ. ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ದೀಪ ಇದುವರೆಗೂ ಯಾಕೆ ಉರಿದಿರಲಿಲ್ಲ ಅನ್ನುವುದೂ ಗೊತ್ತಾಯಿತು. ಆ ದೀಪದ ವೈರನ್ನು ಬೇರೆ ದೀಪಕ್ಕೆ ಜೋಡಿಸಿದ್ದರು. ಕೀ ಹಾಕಿದರೆ ಹತ್ತುತ್ತಿತ್ತು, ಬೇರೆ ದೀಪದ ಜೊತೆ ಆರುತ್ತಿತ್ತು. ಏರ್‌ಬ್ಯಾಗ್ ಸರಿಯಿದೆ ಎಂದು ನಂಬಿಸಲು ಕೂತು ಮಾಡಿದ ಕೆಲಸ ಇದು. ಪಕ್ಕಾ ಮೋಸ. ಮೂರು ಸ್ಟಾರ್ ಬಂದದ್ದು ಏರ್‌ಬ್ಯಾಗ್ ಕೆಲಸ ಮಾಡುವ ಕಾರಿಗೆ. ಅದೂ ಇಲ್ಲದ ಗಾಡಿಯಲ್ಲಿ ಅಪ್ಪ ಅಮ್ಮ ಓಡಾಡುತ್ತಿದ್ದರು. ಈ ಯೂನಿಟ್ ಎಷ್ಟು ಮುಖ್ಯ ಗೊತ್ತಾ? ಅದರ ಸಾಫ್ಟ್‌ವೇರ್‌ನಲ್ಲಿ ತೊಂದರೆ ಇರಬಹುದು ಎಂಬ ಒಂದೇ ಕಾರಣಕ್ಕೆ 2022ರಲ್ಲಿ ಕಿಯಾ ತನ್ನ ಇನ್ನೊಂದು ಮಾದರಿಯಾದ ಕ್ಯಾರೆನ್ಸ್‌ನ 44,174 ಕಾರುಗಳನ್ನು ವಾಪಸ್ ಕರೆಸಿ ನೋಡಿತ್ತು. ನಮ್ಮ ಡೀಲರ್ ಅದೇ ಯೂನಿಟ್ ಸತ್ತಿದ್ದನ್ನು ಮುಚ್ಚಿ ಮಾರಿದ.

ವರ್ಕ್‌ಶಾಪಿನಲ್ಲಿ ಎಸ್ಟಿಮೇಟ್ ತೆಗೆಸಿದರೆ ವೈರಿಂಗ್, ಯೂನಿಟ್, ಸೀಟು ಎಲ್ಲ ಸೇರಿ ಮೂರು ಲಕ್ಷ ದಾಟಿತು. ಅಷ್ಟು ಹಾಕಿದರೂ ಗ್ಯಾರಂಟಿ ಕೊಡಲ್ಲ ಎಂದರು. ನೀರಿನ ಹಾನಿಗೆ ಕಂಪನಿಯ ವಾರಂಟಿಯೂ ಸಿಗಲ್ಲ.

ಇದು ಎಲ್ಲಿ ಮುಳುಗಿತ್ತು ಅನ್ನುವುದು ಇನ್ಶೂರೆನ್ಸ್ ಕಾಗದದಿಂದ ಹೊರಬಿತ್ತು. ಪಾಲಿಸಿಯಲ್ಲಿ ಎನ್‌ಸಿಬಿ, ಅಂದರೆ ನೋ ಕ್ಲೇಮ್ ಬೋನಸ್ ಅಂತ ಒಂದು ಸಾಲು ಇರುತ್ತದೆ. ಒಂದು ವರ್ಷ ಕ್ಲೇಮ್ ಮಾಡದಿದ್ದರೆ 20%, ಆಮೇಲೆ 25, 35, 45, ಕೊನೆಗೆ 50. 2020ರಲ್ಲಿ ಕೊಂಡ ಓನರ್ ನಡುವೆ ಬಿಡದೆ ಪಾಲಿಸಿ ನಡೆಸಿಕೊಂಡು ಬಂದು ಕ್ಲೇಮೇ ಮಾಡಿಲ್ಲ ಅಂದರೆ 2023ರ ಪಾಲಿಸಿಯಲ್ಲಿ 35% ಇರಬೇಕಿತ್ತು. ನಮಗೆ ಕೊಟ್ಟ ಪಾಲಿಸಿಯಲ್ಲಿ ಸೊನ್ನೆ. ಜೊತೆಗೆ ಇನ್ಶೂರೆನ್ಸ್ ಕಂಪನಿ ಬದಲಾಗಿತ್ತು, ನಡುವೆ ಕೆಲವು ತಿಂಗಳು ಪಾಲಿಸಿಯೇ ಇರಲಿಲ್ಲ. ಆ ಖಾಲಿ ಶುರುವಾಗುವುದು 2022ರ ಸೆಪ್ಟೆಂಬರ್ ನಂತರ. ಆ ತಿಂಗಳು ಬೆಂಗಳೂರಲ್ಲಿ ಏನಾಯಿತು ಅಂತ ಎಲ್ಲರಿಗೂ ನೆನಪಿದೆ. ಬೆಳ್ಳಂದೂರು, ಯಮಲೂರು, ಹೊರವರ್ತುಲ ರಸ್ತೆ ನೀರಲ್ಲಿ ನಿಂತಿದ್ದವು. ಜನರನ್ನು ಟ್ರ್ಯಾಕ್ಟರ್‌ನಲ್ಲಿ ಸಾಗಿಸಿದರು. ಬೇಸ್‌ಮೆಂಟ್‌ಗಳಲ್ಲಿ ನಿಲ್ಲಿಸಿದ್ದ ಕಾರುಗಳು ಪೂರ್ತಿ ಮುಳುಗಿದವು.

ಹಳೇ ಓನರ್ ನಂಬರ್ ಹುಡುಕಿ ಫೋನ್ ಮಾಡಿದೆ. ಬಹಳ ಮರ್ಯಾದಸ್ಥರು. "ಸರ್, ಆ ಗಾಡಿ ಇನ್ನೂ ಓಡ್ತಾ ಇದೆಯಾ?" ಎಂದು ಅವರೇ ಗಾಬರಿಯಾದರು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಸ್ಟೇರಿಂಗ್‌ವರೆಗೂ ನೀರು ಬಂದಿತ್ತಂತೆ. ಇನ್ಶೂರೆನ್ಸ್‌ನವರು ಟೋಟಲ್ ಲಾಸ್ ಎಂದು ಹಣ ಕೊಟ್ಟು, ಕಾಗದಕ್ಕೆಲ್ಲ ಸಹಿ ಹಾಕಿಸಿಕೊಂಡು ಗಾಡಿ ಎತ್ತಿಕೊಂಡು ಹೋದರಂತೆ. ಗುಜರಿಗೆ ಹೋಗಿರುತ್ತದೆ ಎಂದೇ ಅವರು ತಿಳಿದಿದ್ದರು.

ಇಂಥ ಗಾಡಿ ಮತ್ತೆ ಮಾರ್ಕೆಟ್ಟಿಗೆ ಬರುವ ದಾರಿ ಹೀಗಿದೆ. ರಿಪೇರಿ ಖರ್ಚು ವಿಮೆಯ ಮೌಲ್ಯದ 75% ದಾಟಿದರೆ ಟೋಟಲ್ ಲಾಸ್ ಎನ್ನುತ್ತಾರೆ. ಆ ಗಾಡಿ ಹರಾಜಿಗೆ ಹೋಗುತ್ತದೆ. ಬಿಡಿಭಾಗಕ್ಕೆಂದು ಕೊಳ್ಳುವವರು ಇರುತ್ತಾರೆ, ತೊಳೆದು ಮಾರುವವರೂ ಇರುತ್ತಾರೆ. ಮತ್ತೆ ಬಳಸಲಾಗದಷ್ಟು ಹಾಳಾದ ಗಾಡಿಯ ವಿಷಯ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕು ಎಂದು ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. ನಮ್ಮ ಗಾಡಿಯ ಆರ್‌ಸಿ ಮಾತ್ರ ಜೀವಂತವಾಗಿಯೇ ಇತ್ತು. ಅದನ್ನೇ ನಮ್ಮ ಹೆಸರಿಗೆ ಮಾಡಿಕೊಟ್ಟರು. ಡೀಲರ್‌ಗೆ ಫೋನ್ ಮಾಡಿದರೆ "ಇದ್ದ ಹಾಗೇ ಒಪ್ಪಿಕೊಂಡಿದ್ದೀನಿ ಅಂತ ಸಹಿ ಹಾಕಿದ್ದೀರಲ್ಲ ಸರ್" ಎಂಬ ಒಂದೇ ಉತ್ತರ. ಆಮೇಲೆ ಫೋನೇ ಎತ್ತಲಿಲ್ಲ.

ಹಾಗಾಗಿ ನೀವು ನೋಡಲು ಹೋದಾಗ ಇಂಜಿನ್ ಸದ್ದು, ಪೇಂಟು ಆಮೇಲೆ ನೋಡಿ. ಮೊದಲು ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಒಳಗೆ ಸುತ್ತಿಕೊಂಡಿರುವ ಭಾಗವನ್ನು ಯಾರೂ ತೊಳೆಯುವುದಿಲ್ಲ, ಮಣ್ಣಿನ ಗೆರೆ ಅಲ್ಲಿ ಉಳಿದಿರುತ್ತದೆ. ಸೀಟಿನಡಿ ಟಾರ್ಚ್ ಬಿಡಿ. ಗಾಳಿ ಬರುವ ಸೀಟಿನ ಫ್ಯಾನು, ವೈರು ಇರುವುದು ಅಲ್ಲೇ. ಸ್ಟೆಪ್ನಿ ಎತ್ತಿ ಅದರ ಗುಂಡಿ ನೋಡಿ. ಕಿಟಕಿ ಹಾಕಿಕೊಂಡು ಹತ್ತು ನಿಮಿಷ ಹೀಟರ್ ಓಡಿಸಿ, ಮುಳುಗಿದ್ದ ಗಾಡಿಯಾದರೆ ಮುಗ್ಗುಲು ವಾಸನೆ ಬರಬಹುದು. ಒಳಗೆ ಸೆಂಟಿನ ವಾಸನೆ ಜಾಸ್ತಿ ಇದ್ದರೆ ಗಾಡಿಯನ್ನು ಬಿಸಿಲಲ್ಲಿ ನಿಲ್ಲಿಸಿ ಒಂದು ಗಂಟೆ ಬಿಟ್ಟು ಬಾಗಿಲು ತೆಗೆಯಿರಿ. ಕೀ ಹಾಕಿದಾಗ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡ್ ಉರಿದು ತಾನಾಗಿ ಆರಬೇಕು. ಪ್ರತಿ ಸಲವೂ ಬೇರೊಂದು ದೀಪದ ಜೊತೆಗೇ ಹತ್ತಿ ಅದರ ಜೊತೆಗೇ ಆರಿದರೆ ಅನುಮಾನ ಪಡಿ.

ಲೋಗೊ ಕೂಡ ನೋಡಿ. ಕಿಯಾ ಭಾರತದಲ್ಲಿ ಲೋಗೊ ಬದಲಿಸಿದ್ದು 2021ರಲ್ಲಿ. ಅದಕ್ಕೂ ಮುಂಚಿನ ಗಾಡಿಗೆ ಹಳೇ ಮೊಟ್ಟೆಯಾಕಾರದ ಲೋಗೊ ಇರಬೇಕು. ನಮ್ಮದು 2020ರದು. ಆದರೂ ಬಾನೆಟ್ ಮೇಲೆ, ಸ್ಟೇರಿಂಗ್ ಮೇಲೆ ಹೊಸ ಲೋಗೊ ಇತ್ತು, ಚಕ್ರದ ಕ್ಯಾಪಿನಲ್ಲಿ ಹಳೆಯದು. ಆಸೆಗೆ ಹಾಕಿಸಿಕೊಳ್ಳುವವರೂ ಇದ್ದಾರೆ. ಆದರೆ ಸ್ಟೇರಿಂಗ್ ಮೇಲಿನ ಲೋಗೊ ಕೂರುವುದು ಏರ್‌ಬ್ಯಾಗಿನ ಮುಚ್ಚಳದ ಮೇಲೆ. ಅದು ಯಾಕೆ ಬದಲಾಯಿತು ಎಂದು ಕೇಳಲೇಬೇಕು.

ಇಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಆರ್‌ಸಿ ಜೊತೆ ಕಣ್ಣಾರೆ ಹೋಲಿಸಿ. ನೀರು ನುಗ್ಗಿದ ಇಂಜಿನ್ ತೆಗೆದು ಬೇರೆ ಕೂರಿಸಿರುವ ಸಾಧ್ಯತೆ ಇದೆ. ಪೆನುಕೊಂಡದ ಫ್ಯಾಕ್ಟರಿಯಿಂದ ಕೆಲವು ವರ್ಷಗಳಲ್ಲಿ ಸುಮಾರು 900 ಇಂಜಿನ್ ಕಳವಾಗಿವೆ ಎಂದು 2025ರಲ್ಲಿ ಪೊಲೀಸರಿಗೆ ದೂರು ಹೋಗಿತ್ತು. ನಂಬರ್ ಹೊಂದದ ಇಂಜಿನ್ ನಿಮ್ಮ ಗಾಡಿಯಲ್ಲಿ ಸಿಕ್ಕರೆ ಉತ್ತರ ಹೇಳಬೇಕಾದವರು ನೀವು.

ಡೀಲರ್ ಕೊಡುವ ಸರ್ವಿಸ್ ಪ್ರಿಂಟ್ ನಂಬಬೇಡಿ. ಗಾಡಿಯನ್ನು ಅಧಿಕೃತ ಸರ್ವಿಸ್ ಸೆಂಟರ್‌ಗೆ ತಗೊಂಡು ಹೋಗಿ, ಅಲ್ಲೇ ರೆಕಾರ್ಡ್ ತೆಗೆಸಿ, ತಪಾಸಣೆಯನ್ನೂ ಮಾಡಿಸಿ. ಡೀಲರ್ ಬೇಡ ಎಂದರೆ ಆ ಗಾಡಿ ಬಿಟ್ಟುಬಿಡಿ. ಹಳೇ ಪಾಲಿಸಿಗಳು ಎಲ್ಲ ವರ್ಷದ್ದೂ ಕೇಳಿ. ಹಳೇ ಓನರ್ ಜೊತೆ ನೇರವಾಗಿ ಮಾತಾಡಿ. ನಾವು ಆಮೇಲೆ ಮಾಡಿದ ಆ ಒಂದು ಫೋನಿನಲ್ಲಿ ಎಲ್ಲ ಗೊತ್ತಾಗಿತ್ತು. 2023ರ ಏಪ್ರಿಲ್ 1ರಿಂದ ಹಳೇ ಗಾಡಿ ಮಾರುವ ಡೀಲರ್‌ಗೆ ಆರ್‌ಟಿಒ ಕೊಟ್ಟ ಅಧಿಕಾರ ಪತ್ರ ಇರಬೇಕು. ಗಾಡಿ ಡೀಲರ್ ವಶಕ್ಕೆ ಹೋಗಿದೆ ಎಂದು ಫಾರಂ 29ಸಿಯಲ್ಲಿ ಆರ್‌ಟಿಒಗೆ ತಿಳಿಸಿರಬೇಕು. ಎರಡನ್ನೂ ತೋರಿಸಿ ಅನ್ನಿ. ಹ್ಯುಂಡೈ ಕ್ರೆಟಾ ನೋಡುವವರಿಗೂ ಇದೆಲ್ಲ ಅನ್ವಯಿಸುತ್ತದೆ. ಎರಡೂ ಒಂದೇ ಗುಂಪಿನ ಕಾರು, ಒಳಗಿನ ಎಲೆಕ್ಟ್ರಾನಿಕ್ಸ್ ಅಷ್ಟೇ ಜಾಸ್ತಿ.

ಈಗಾಗಲೇ ತಗೊಂಡು ಸಿಕ್ಕಿಹಾಕಿಕೊಂಡಿದ್ದೀರಾ? ಗಾಡಿ ಬಿಚ್ಚಿಸುವ ಮುಂಚೆ ಫೋಟೊ, ವಿಡಿಯೊ ಮಾಡಿಕೊಳ್ಳಿ. ಸರ್ವಿಸ್ ಸೆಂಟರ್‌ನಿಂದ ಲಿಖಿತ ವರದಿ ತಗೊಳ್ಳಿ. ಜಾಹೀರಾತಿನ ಸ್ಕ್ರೀನ್‌ಶಾಟ್, ವಾಟ್ಸಾಪ್ ಮಾತು, ಹಣ ಕಳಿಸಿದ ದಾಖಲೆ ಯಾವುದನ್ನೂ ಅಳಿಸಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಆಮೇಲೆ ವಕೀಲರಿಂದ ನೋಟಿಸ್ ಕಳಿಸಿ. ಡೀಲರ್ ಬೆಂಗಳೂರಲ್ಲಿದ್ದರೂ ನೀವು ಅಲ್ಲಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ. ಎರಡು ವರ್ಷದೊಳಗೆ ಕೊಡಬೇಕು. ನಾವು ದಾವಣಗೆರೆಯಲ್ಲೇ ಕೊಟ್ಟಿದ್ದೇವೆ. ಹಳೇ ಓನರ್ ತಮ್ಮ ಹೇಳಿಕೆಯನ್ನು ಬರೆದುಕೊಡಲು ಒಪ್ಪಿದ್ದಾರೆ. ಬ್ರೋಕರ್ ಒಬ್ಬರು ಬಂದು ಈ ಗಾಡಿಯನ್ನು ಬೇರೆ ಜಿಲ್ಲೆಗೆ ದಾಟಿಸಿ ಕೊಡುತ್ತೇನೆ, ಹಣ ಬರುತ್ತದೆ ಎಂದರು. ಅಣ್ಣ ಅವರನ್ನು ಗೇಟಿನಿಂದಲೇ ಕಳಿಸಿದ.