ಗಡಿಯಾರ ಬರೆಸುವ ಪರೀಕ್ಷೆ: ಕಾಗದವೋ, ಟ್ಯಾಬ್ಲೆಟ್ಟೋ, ಡಿಜಿಟಲ್ ಪೆನ್ನೋ?

ಹಿರಿಯರ ನೆನಪು, ಯೋಚನಾಶಕ್ತಿ ಕುಗ್ಗಿದೆಯೇ ಎಂದು ನೋಡಲು ವೈದ್ಯರು ಅವರಿಂದ ಗಡಿಯಾರದ ಚಿತ್ರ ಬರೆಸುತ್ತಾರೆ. ಅದನ್ನು ಬರೆಸುವ ಈ ಮೂರೂ ಬಗೆಗಳನ್ನು ನಮ್ಮ ಮನೆಯ ಜಗಲಿಯಲ್ಲೇ ಮಾಡಿಸಿ ನೋಡಿದ್ದೇನೆ, ಆದ್ದರಿಂದ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಓದುಬರಹ ಬಲ್ಲ ಹಿರಿಯರಿಗೆ ಕಾಗದದ ಮೇಲೆ ಬರೆಯುವ ಡಿಜಿಟಲ್ ಪೆನ್ನೇ ಮೇಲು. ಅದು ಸಿಗದಿದ್ದರೆ ಬಿಳಿ ಹಾಳೆ, ಸಾಮಾನ್ಯ ಪೆನ್ನು ಮತ್ತು ಕೈಯ ಚಲನೆಯನ್ನು ವಿಡಿಯೊ ಹಿಡಿಯಲು ಒಂದು ಮೊಬೈಲ್. ಟ್ಯಾಬ್ಲೆಟ್‌ಗೆ ಮೂರನೆಯ ಸ್ಥಾನ. ಶಾಲೆಯ ಮೆಟ್ಟಿಲು ಹತ್ತದವರಿಗೆ ಮಾತ್ರ ಈ ಲೆಕ್ಕಾಚಾರವೇ ಬೇರೆ.

ನಾನು ವೈದ್ಯನಲ್ಲ. ಸಾಗರ ತಾಲ್ಲೂಕಿನಲ್ಲಿ ಚಿತ್ರಕಲಾ ಶಿಕ್ಷಕನಾಗಿದ್ದು ನಿವೃತ್ತನಾದವನು. ಅಣ್ಣಯ್ಯ ಅಡಿಕೆ ಸೊಸೈಟಿಯಲ್ಲಿ ಗುಮಾಸ್ತನಾಗಿದ್ದವನು, ಲೆಕ್ಕದಲ್ಲಿ ಪಳಗಿದ ಕೈ. ಅವನು ಒಂದೇ ಮಾತನ್ನು ಮತ್ತೆ ಮತ್ತೆ ಕೇಳತೊಡಗಿದಾಗ ಮನೆಯವರೆಲ್ಲ ಅರವತ್ತಕ್ಕೆ ಅರಳುಮರಳು ಎಂದು ನಕ್ಕು ಸುಮ್ಮನಾದರು. ಅತ್ತಿಗೆ ಮಾತ್ರ ನಗಲಿಲ್ಲ. ಅವರ ಒತ್ತಾಯಕ್ಕೆ ಶಿವಮೊಗ್ಗದ ನರರೋಗ ತಜ್ಞರಲ್ಲಿಗೆ ಹೋದಾಗ ಮೊದಲು ಬರೆಸಿದ್ದೇ ಗಡಿಯಾರ. ಚಿತ್ರ ಬರೆಸಿ ಮಿದುಳನ್ನು ಅಳೆಯುತ್ತಾರೆ ಎಂದರೆ ಚಿತ್ರದ ಮೇಷ್ಟ್ರಿಗೆ ಕುತೂಹಲ ಹುಟ್ಟದೆ ಇರುತ್ತದೆಯೇ?

ಪರೀಕ್ಷೆ ತೀರ ಸರಳ. ಒಂದು ವೃತ್ತ ಬರೆಯಬೇಕು, ಗಡಿಯಾರದ ಅಂಕಿಗಳನ್ನೆಲ್ಲ ತುಂಬಬೇಕು, ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸುವಂತೆ ಮುಳ್ಳುಗಳನ್ನು ಇಡಬೇಕು. ಈ ಸಮಯವನ್ನು ಬೇಕೆಂದೇ ಆರಿಸಿದ್ದಾರೆ. ಹತ್ತು ನಿಮಿಷ ಎಂದಾಗ ಮುಳ್ಳು ಹೋಗಬೇಕಾದದ್ದು 2ರ ಕಡೆಗೆ. ಆದರೆ 11ರ ಪಕ್ಕದಲ್ಲೇ 10 ಕುಳಿತು ಕೈಯನ್ನು ಸೆಳೆಯುತ್ತಿರುತ್ತದೆ. ಆ ಸೆಳೆತವನ್ನು ತಡೆಯುವುದು ಮಿದುಳಿನ ಮುಂಭಾಗದ ಕೆಲಸ. ಅಂಕಿಗಳಿಗೆ ಸಮನಾಗಿ ಜಾಗ ಹಂಚುವುದಕ್ಕೆ ಇನ್ನೊಂದು ಭಾಗ ಬೇಕು, ಹೇಳಿದ್ದನ್ನು ನೆನಪಿನಲ್ಲಿ ಹಿಡಿದಿಡುವುದಕ್ಕೆ ಮತ್ತೊಂದು. ಒಂದು ನಿಮಿಷದ ಚಿತ್ರಕ್ಕೆ ಇಷ್ಟೆಲ್ಲ ಕೂಡಿ ಬರಬೇಕು.

ಕಾಗದದಿಂದ ಶುರು ಮಾಡುತ್ತೇನೆ. ಇದರಲ್ಲಿ ಚಿಕ್ಕದೆಂದರೆ ಮಿನಿ-ಕಾಗ್: ಮೂರು ಪದ ಹೇಳಿ, ಗಡಿಯಾರ ಬರೆಸಿ, ಆಮೇಲೆ ಆ ಮೂರು ಪದಗಳನ್ನು ಕೇಳುತ್ತಾರೆ. ಪದಕ್ಕೊಂದು ಅಂಕ, ಗಡಿಯಾರ ಸರಿಯಿದ್ದರೆ ಎರಡು, ಇಲ್ಲದಿದ್ದರೆ ಸೊನ್ನೆ. ಒಟ್ಟು ಐದರಲ್ಲಿ ಮೂರಕ್ಕಿಂತ ಕಡಿಮೆ ಬಂದರೆ ಹೆಚ್ಚಿನ ತಪಾಸಣೆ ಬೇಕು. ಕೆನಡಾದ ಮಾಂಟ್ರಿಯಲ್‌ನಲ್ಲಿ ರೂಪುಗೊಂಡು 2005ರಲ್ಲಿ ಪ್ರಕಟವಾದ ಮೋಕಾ ದೊಡ್ಡದು, 30 ಅಂಕಗಳದ್ದು. ಅದರಲ್ಲಿ ಗಡಿಯಾರದ ಜೊತೆಗೆ ಒಂದು ಘನಾಕೃತಿಯನ್ನೂ ನೋಡಿ ಬರೆಯಬೇಕು. ಹೆಚ್ಚು ಓದಿಲ್ಲದವರಿಗೆ ಒಂದು ಅಂಕ ಸೇರಿಸಿ ಕೊಡುತ್ತಾರೆ. ಒಂದು ಅಂಕ! ಇದನ್ನು ಕೇಳಿದಾಗ ನನಗೆ ಸ್ವಲ್ಪ ನಗು ಬಂತು, ಕಾರಣ ಮುಂದೆ ಹೇಳುತ್ತೇನೆ.

ಕಾಗದದ ಗುಣವೆಂದರೆ ಅದು ಯಾರನ್ನೂ ಹೆದರಿಸುವುದಿಲ್ಲ. ಅಣ್ಣಯ್ಯ ಕನ್ನಡಕ ಏರಿಸಿಕೊಂಡು, ರಸೀದಿ ಬರೆಯುವ ಗತ್ತಿನಲ್ಲೇ ಪೆನ್ನು ಹಿಡಿದ. ಗಡಿಯಾರ ಚೆನ್ನಾಗಿಯೇ ಬಂತು, ಎರಡಕ್ಕೆ ಎರಡು ಅಂಕ. ಮನೆಯವರಿಗೆಲ್ಲ ನಿರಾಳ. ಆದರೆ ಹಾಳೆಯನ್ನು ಬೆಳಕಿಗೆ ಹಿಡಿದಾಗ ನನಗೆ 10ರ ಪಕ್ಕದಲ್ಲಿ ಒಂದು ಸಣ್ಣ ಚುಕ್ಕೆ ಕಂಡಿತು. ಶಾಯಿ ಸ್ವಲ್ಪ ಇಂಗಿ ಹರಡಿತ್ತು. ಪೆನ್ನಿನ ತುದಿ ಅಲ್ಲಿ ಕೂತು ಎದ್ದಿದೆ ಎಂಬುದಂತೂ ಸ್ಪಷ್ಟ, ಎಷ್ಟು ಹೊತ್ತು ಕೂತಿತ್ತು ಎಂದು ಹಾಳೆ ಹೇಳುವುದಿಲ್ಲ. ಅದು ಕಾಗದದ ಮಿತಿ. ಮಕ್ಕಳ ಚಿತ್ರಕ್ಕೆ ಅಂಕ ಕೊಟ್ಟು ಗೊತ್ತಿರುವವರಿಗೆಲ್ಲ ಇದು ತಿಳಿದದ್ದೇ: ಮುಗಿದ ಚಿತ್ರ ಒಂದೇ ಥರ ಕಂಡರೂ, ಒಬ್ಬ ಮೊದಲು ಅಳತೆ ಗುರುತು ಮಾಡಿಕೊಂಡು ಬರೆದಿರುತ್ತಾನೆ, ಇನ್ನೊಬ್ಬ ಅಳಿಸಿ ಅಳಿಸಿ ಹೇಗೋ ದಡ ಸೇರಿರುತ್ತಾನೆ.

ಡಿಜಿಟಲ್ ಪೆನ್ನಿನ ಉಪಯೋಗ ಸರಿಯಾಗಿ ಇಲ್ಲೇ. ಅಮೆರಿಕದಲ್ಲಿ ಲೇಹಿ ಆಸ್ಪತ್ರೆಯ ಡೇನಾ ಪೆನ್ನಿ ಮತ್ತು ಎಂಐಟಿಯ ರ್‍ಯಾಂಡಲ್ ಡೇವಿಸ್ ಅವರ ತಂಡಗಳು ಇಂಥ ಪೆನ್ನಿನಲ್ಲಿ ಗಡಿಯಾರ ಬರೆಸಿ, ಬರೆಯುವಾಗ ನಡೆದದ್ದನ್ನೆಲ್ಲ ಕಂಪ್ಯೂಟರ್‌ನಿಂದ ವಿಶ್ಲೇಷಿಸಿದರು. ಹೃದ್ರೋಗದ ಸಂಶೋಧನೆಗೆ ಹೆಸರಾದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದಲ್ಲೂ 2011ರಿಂದ ಇದನ್ನು ಬಳಸುತ್ತಿದ್ದಾರೆ. ಪೆನ್ನಿನ ತುದಿಯ ಬಳಿ ಪುಟ್ಟ ಕ್ಯಾಮೆರಾ ಇರುತ್ತದೆ. ಹಾಳೆಯ ಮೇಲೆ ಕಣ್ಣಿಗೆ ಅಷ್ಟಾಗಿ ಕಾಣದ ಚುಕ್ಕೆಗಳ ವಿನ್ಯಾಸ ಮುದ್ರಿತವಾಗಿರುತ್ತದೆ. ಅದನ್ನು ಓದಿಕೊಂಡು ತಾನು ಎಲ್ಲಿದ್ದೇನೆಂದು ಪೆನ್ನು ಸೆಕೆಂಡಿಗೆ ಹತ್ತಾರು ಬಾರಿ ಬರೆದಿಟ್ಟುಕೊಳ್ಳುತ್ತದೆ. ಹೀಗಾಗಿ ಒಟ್ಟು ಸಮಯದಲ್ಲಿ ಗೆರೆ ಎಳೆದದ್ದೆಷ್ಟು, ಯೋಚಿಸುತ್ತ ನಿಂತದ್ದೆಷ್ಟು ಎಂದು ಬೇರೆ ಬೇರೆಯಾಗಿ ತಿಳಿಯುತ್ತದೆ. ಗ್ರಹಣಶಕ್ತಿ ಕುಗ್ಗಿದವರಲ್ಲಿ ಯೋಚನೆಯ ಪಾಲು ಹೆಚ್ಚು ಎಂಬುದು ಅವರು ಕಂಡುಕೊಂಡ ಮುಖ್ಯ ಸಂಗತಿಗಳಲ್ಲಿ ಒಂದು.

ನಮಗೆ ಸಿಕ್ಕಿದ್ದು ಆ ವೈದ್ಯಕೀಯ ಪೆನ್ನಲ್ಲ. ಅಣ್ಣಯ್ಯನ ಮಗ ಬೆಂಗಳೂರಿನಲ್ಲಿ ಸಭೆಯ ಟಿಪ್ಪಣಿ ಬರೆಯಲು ಇಟ್ಟುಕೊಂಡಿರುವ, ಅದೇ ತತ್ತ್ವದ ಸಾಮಾನ್ಯ ಪೆನ್ನು. ಅದು ಅಂಕ ಕೊಡುವುದಿಲ್ಲ, ಆದರೆ ಬರೆದದ್ದನ್ನು ಬರೆದ ವೇಗದಲ್ಲೇ ಮತ್ತೆ ತೋರಿಸುತ್ತದೆ. ಮಳೆಗಾಲ ಕಳೆದು ಅವನು ಊರಿಗೆ ಬಂದಾಗ ಅಣ್ಣಯ್ಯನಿಂದ ಇನ್ನೊಮ್ಮೆ ಬರೆಸಿದೆವು. ಪರದೆಯಲ್ಲಿ ನೋಡಿದರೆ 12, 6, 3, 9 ಮೊದಲು ಬಂದವು. ನಾಲ್ಕು ದಿಕ್ಕು ಕಟ್ಟಿಕೊಂಡು ಉಳಿದದ್ದನ್ನು ತುಂಬುವುದು ಒಳ್ಳೆಯ ಯೋಜನೆಯ ಲಕ್ಷಣ. ಚಿಕ್ಕ ಮುಳ್ಳು 11ಕ್ಕೆ ಸಲೀಸಾಗಿ ಹೋಯಿತು. ಆಮೇಲೆ ಪೆನ್ನು 10ರ ಬಳಿ ಹೋಗಿ ನಿಂತಿತು. ನಿಂತೇ ಇತ್ತು. ಯಂತ್ರ ಕೆಟ್ಟಿದೆಯೇನೋ ಎಂದು ಅತ್ತಿಗೆ ಕೇಳುವಷ್ಟು ಹೊತ್ತಾದ ಮೇಲೆ ಅದು 2ರ ಕಡೆಗೆ ಚಲಿಸಿ ಗೆರೆ ಎಳೆಯಿತು. ಹಾಳೆಯಲ್ಲಿ ಉಳಿದದ್ದು ಮತ್ತೆ ಒಂದು ಚುಕ್ಕೆ ಮಾತ್ರ.

ಇಂಥ ಒಂದು ನಿಲುಗಡೆಯಿಂದ ಕಾಯಿಲೆ ಇದೆ ಎಂದಾಗುವುದಿಲ್ಲ. ನಿದ್ದೆಗೆಟ್ಟಿದ್ದರೂ, ಮನಸ್ಸು ಕುಗ್ಗಿದ್ದರೂ, ಕಿವಿ ಮಂದವಾಗಿ ಹೇಳಿದ್ದು ಅರ್ಧ ಕೇಳಿಸಿದ್ದರೂ ಕೈ ನಿಲ್ಲುತ್ತದೆ. ಆದರೂ ವೈದ್ಯರ ಮುಂದೆ ಇಡಲು ಅದೊಂದು ಗಟ್ಟಿ ಸಂಗತಿ. ಪೆನ್ನಿನ ದೋಷವೆಂದರೆ ಬೆಲೆ, ಮತ್ತು ಆ ಚುಕ್ಕೆ ಹಾಳೆ ಮುಗಿದರೆ ಹೊಸದು ನಮ್ಮ ಕಡೆಯ ಅಂಗಡಿಗಳಲ್ಲಿ ಸಿಗದಿರುವುದು.

ಈಗ ಟ್ಯಾಬ್ಲೆಟ್. ಪರೀಕ್ಷೆಗಳೆಲ್ಲ ಈ ಕಡೆಗೇ ಹೊರಟಿವೆ, ಮೇಲೆ ಹೇಳಿದ ಅಮೆರಿಕದ ಗಡಿಯಾರ ಪರೀಕ್ಷೆಯೂ ಐಪ್ಯಾಡ್‌ಗೆ ಬಂದಿದೆ. ಕಾರಣ ಅರ್ಥವಾಗುತ್ತದೆ: ವಿಶೇಷ ಹಾಳೆ ಬೇಡ, ಲೆಕ್ಕವೆಲ್ಲ ಕೂಡಲೇ ಬರುತ್ತದೆ. ಕೆಲವು ಸ್ಟೈಲಸ್ ಹಲಗೆಗಳಂತೂ ಪೆನ್ನು ಪರದೆಯನ್ನು ಮುಟ್ಟದೆ ಸ್ವಲ್ಪ ಮೇಲೆ ತೇಲುತ್ತಿರುವಾಗಲೂ ಅದರ ಜಾಡು ಹಿಡಿಯುತ್ತವೆ. ಇದು ಕಾಗದಕ್ಕೆ ಕನಸಿನಲ್ಲೂ ಸಾಧ್ಯವಿಲ್ಲದ ಮಾತು. ಆದರೆ ಎಂಬತ್ತರ ಹತ್ತಿರದವರ ಕೈಗೆ ಗಾಜಿನ ಮೇಲೆ ಬರೆಯುವುದೆಂದರೆ ಜೂನ್ ತಿಂಗಳಿನಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ನಡೆದ ಹಾಗೆ. ಅಣ್ಣಯ್ಯನ ವೃತ್ತ ಜಾರಿ ಮೊಟ್ಟೆಯಾಯಿತು. ಅಂಗೈ ತಗುಲಿ ಬೇಡದ ಗೆರೆ ಬಿತ್ತು. ಹಲಗೆಯನ್ನು ಸ್ವಲ್ಪ ಓರೆ ಮಾಡಿದ್ದೇ ತಡ, ಚಿತ್ರವೇ ಅಡ್ಡಕ್ಕೆ ತಿರುಗಿಕೊಂಡಿತು. ನಡುವೆ ಯಾವುದೋ ಸೂಚನೆ ಮೇಲಿನಿಂದ ಇಳಿದು ಬಂತು. ಎಲ್ಲಕ್ಕಿಂತ ತಮಾಷೆ, ಪರದೆಯ ಮೂಲೆಯಲ್ಲಿ ಆ ಹೊತ್ತಿನ ಸಮಯ ತೋರುತ್ತಲೇ ಇತ್ತು; ಗಡಿಯಾರದ ಪರೀಕ್ಷೆಗೆ ಕೂತವನು ಅದನ್ನು ನೋಡದೆ ಇರುತ್ತಾನೆಯೇ?

ಇಲ್ಲಿ ತೊಡಕು ಏನೆಂದರೆ, ಟ್ಯಾಬ್ಲೆಟ್ ನಿಖರವಾಗಿ ಅಳೆಯುತ್ತದೆ, ಆದರೆ ಅಳೆದದ್ದು ಮಿದುಳಿನ ತಡವರಿಕೆಯೋ ಯಂತ್ರದ ಅಂಜಿಕೆಯೋ ತಿಳಿಯುವುದಿಲ್ಲ. ಅದನ್ನೇ ಬಳಸಬೇಕಾದರೆ ಕೆಲವನ್ನು ಮಾಡಲೇಬೇಕು. ಗಾಜಿಗೆ ಕಾಗದದಂತೆ ಒರಟಾದ ಹಾಳೆ ಅಂಟಿಸಿ, ಹಲಗೆಯನ್ನು ಮೇಜಿನ ಮೇಲೆ ಮಟ್ಟಸವಾಗಿ ಇಡಿ, ಪರದೆ ತಿರುಗುವುದನ್ನೂ ಸೂಚನೆಗಳನ್ನೂ ನಿಲ್ಲಿಸಿ, ಮೊದಲು ಸ್ವಲ್ಪ ಹೊತ್ತು ಹೂವೋ ಬಳ್ಳಿಯೋ ಗೀಚಲು ಬಿಡಿ. ಇಷ್ಟು ಮಾಡಿದ ಮೇಲೆ ಅಣ್ಣಯ್ಯನ ವೃತ್ತ ದುಂಡಗಾಯಿತು. ಮೊಬೈಲ್ ಪರದೆಯ ವಿಷಯ ಒಂದೇ ಸಾಲಿನಲ್ಲಿ ಮುಗಿಯುತ್ತದೆ: ಬರೆಯುವ ಬೆರಳೇ ಚಿತ್ರವನ್ನು ಮುಚ್ಚುತ್ತದೆ, ಬಿಟ್ಟುಬಿಡಿ.

ನಮ್ಮ ಅತ್ತೆಯವರದು ಬೇರೆಯೇ ಕಥೆ. ಅವರು ಶಾಲೆಗೆ ಹೋದವರಲ್ಲ. ದೀವರ ಮನೆಗಳಲ್ಲಿ ಮದುವೆಗೆ ಹಸೆ ಚಿತ್ತಾರ ಬರೆಯುವವರಲ್ಲಿ ಅವರ ಕೈಗೆ ಈಗಲೂ ಹೆಸರಿದೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿ ನಾರಿನ ಕುಂಚವನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ ಎಳೆಯುವ ಗೆರೆಗೆ ನಾನು ಪಟ್ಟಿ ಇಟ್ಟು ನೋಡಿದ್ದುಂಟು. ಈಚೆಗೆ ಊರಿಗೆ ಬಂದ ಒಂದು ತಪಾಸಣಾ ಶಿಬಿರದಲ್ಲಿ ಯಾರೋ ಹುಡುಗ ಅವರ ಕೈಗೆ ಟ್ಯಾಬ್ಲೆಟ್ ಕೊಟ್ಟು, ಇಂಗ್ಲಿಷ್ ಸೂಚನೆಯನ್ನು ಅರೆಬರೆ ಕನ್ನಡದಲ್ಲಿ ಹೇಳಿ, ಬೆರಳಿನಲ್ಲಿ ಬರೆಯಿರಿ ಅಜ್ಜಿ ಎಂದ. ವರ್ಷಗಟ್ಟಲೆ ಅಡಿಕೆ ಸುಲಿದು, ಚೊಗರು ಹಿಡಿದು, ತೊಗಲು ಒರಟಾದ ಬೆರಳು. ಪರದೆ ಆ ಬೆರಳನ್ನು ಗುರುತಿಸಲೇ ಇಲ್ಲ. ಫಲಿತಾಂಶ ಕೆಂಪು ಬಣ್ಣದಲ್ಲಿ ಬಂತು. ಅವರ ಮಗಳು, ಅಂದರೆ ನನ್ನ ಹೆಂಡತಿ, ಆ ಹುಡುಗನಿಗೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಮನೆಗೆ ಬಂದ ಮೇಲೆ ಹಾಳೆ ಕೊಟ್ಟೆವು. “ಇದೇನು, ನನಗೂ ಪರೀಕ್ಷೆಯಾ ಅಳಿಯಂದಿರೇ?” ಎಂದು ನಗುತ್ತಲೇ ಕೂತರು. ವೃತ್ತ ಒಂದೇ ಎಳೆತಕ್ಕೆ ಬಂತು, ಕೈವಾರ ಹಿಡಿದಂತೆ. ಅಂಕಿ ಬರೆಯಲು ಬಾರದ ಕಾರಣ ನಾಲ್ಕು ಕಡೆ ಉದ್ದ ಗೀಟು, ನಡುನಡುವೆ ಎರಡೆರಡು ಚಿಕ್ಕ ಗೀಟು ಇಟ್ಟರು. ಮುಳ್ಳು ಎರಡೂ ಸರಿಯಾದ ಜಾಗದಲ್ಲಿ. ಮಿನಿ-ಕಾಗ್ ನಿಯಮದ ಪ್ರಕಾರ ಅಂಕಿಯಿಲ್ಲದ ಗಡಿಯಾರಕ್ಕೆ ಸೊನ್ನೆ. ಮೋಕಾದವರು ಧಾರಾಳವಾಗಿ ಕೊಡುವ ಆ ಒಂದು ಅಂಕ ಇಂಥವರಿಗೆ ಎಲ್ಲಿಗೆ ಸಾಕಾಗುತ್ತದೆ? ಓದು ಬಾರದವರಿಗೆಂದೇ ಸಿದ್ಧಪಡಿಸಿದ ಪರೀಕ್ಷೆಗಳು ಬೇರೆ ಇವೆ. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಐದು ಭಾರತೀಯ ಭಾಷೆಗಳಲ್ಲಿ ರೂಪಿಸಿದ ಪರೀಕ್ಷಾ ಗುಚ್ಛದಲ್ಲಿ ಕನ್ನಡವೂ ಒಂದು. ಇಂಥ ಹಿರಿಯರನ್ನು ಕರೆದೊಯ್ಯುವವರು ವೈದ್ಯರ ಬಳಿ ಅದನ್ನು ಬಾಯಿಬಿಟ್ಟು ಕೇಳಬೇಕು. ಜೊತೆಗೆ ಮನೆಯಲ್ಲಿ ಏನು ಬದಲಾಗಿದೆ ಎಂಬುದನ್ನೂ ಹೇಳಬೇಕು: ಸಾರಿಗೆ ಉಪ್ಪು ಎರಡು ಸಲ ಬೀಳುತ್ತಿದೆಯೇ, ಕೂಲಿಯ ಬಾಕಿ ನೆನಪಿದೆಯೇ, ಪರಿಚಯದ ದಾರಿ ತಪ್ಪುತ್ತಿದೆಯೇ.

ಮನೆಯಲ್ಲಿ ಮಾಡಿ ನೋಡುವವರಿಗೆ ಒಂದು ಎಚ್ಚರಿಕೆ: ಕುತೂಹಲಕ್ಕೆಂದು ವಾರವಾರ ಬರೆಸಬೇಡಿ, ಸರಿ ಉತ್ತರ ಹೇಳಿಕೊಡಲೂ ಬೇಡಿ. ಕೈಗೆ ಅಭ್ಯಾಸವಾದರೆ ಆಸ್ಪತ್ರೆಯಲ್ಲಿ ಬರುವ ಅಂಕಕ್ಕೆ ಬೆಲೆ ಇರುವುದಿಲ್ಲ. ಗೆರೆಯಿಲ್ಲದ ಹಾಳೆ ಕೊಡಿ, ಗೋಡೆ ಗಡಿಯಾರ ಕಾಣದ ಕಡೆ ಕೂರಿಸಿ, ಕೈಗಡಿಯಾರ ತೆಗೆಸಿ, ಕನ್ನಡಕ ಮರೆಯಬೇಡಿ. ಬೆಳಗಿನ ತಿಂಡಿಯಾದ ಮೇಲಿನ ಹೊತ್ತು ಒಳ್ಳೆಯದು. ಮೊಬೈಲನ್ನು ಡಬ್ಬಿಗಳ ಮೇಲಿಟ್ಟು ಮುಖ ಬೇಡ, ಕೈ ಮಾತ್ರ ಕಾಣುವಂತೆ ವಿಡಿಯೊ ತೆಗೆಯಿರಿ. ಪೆನ್ನು ಎಲ್ಲಿ ನಿಂತಿತು, ಯಾವ ಅಂಕಿ ಮೊದಲು ಬಂತು ಎಂಬುದು ಅದರಲ್ಲೂ ಸಾಕಷ್ಟು ತಿಳಿಯುತ್ತದೆ.

ಶಿವಮೊಗ್ಗಕ್ಕೆ ಎರಡನೆಯ ಸಲ ಹೋದಾಗ ಎಲ್ಲವನ್ನೂ ಕಟ್ಟಿಕೊಂಡು ಹೋಗಿದ್ದೆವು. ಹೊರಗೆ ಸಾಲು ಉದ್ದವಿತ್ತು. ವೈದ್ಯರು ಟ್ಯಾಬ್ಲೆಟ್‌ನ ಅಂಕಿಅಂಶಗಳನ್ನು ತೆರೆಯಲೇ ಇಲ್ಲ, ಪೆನ್ನಿನ ಮರುಪ್ರದರ್ಶನವನ್ನು ಮಾತ್ರ ಎರಡು ಸಲ ನೋಡಿದರು. ಬಿ12 ಮತ್ತು ಥೈರಾಯ್ಡ್ ರಕ್ತಪರೀಕ್ಷೆಗೆ ಬರೆದರು, ಇವುಗಳ ಕೊರತೆಯಿಂದಲೂ ಮರೆವು ಬರುತ್ತದೆ, ಅದಕ್ಕೆ ಮದ್ದಿದೆ ಎಂದರು. ಎಂಆರ್‌ಐ ಆಮೇಲೆ. ಆರು ತಿಂಗಳ ನಂತರ ಮತ್ತೆ ಬರೆಸುವಾಗ ಇದೇ ಪೆನ್ನು, ಇದೇ ಬಗೆಯ ಹಾಳೆ ಇರಲಿ ಎಂದಿದ್ದಾರೆ. ಹಾಳೆ ತರುವ ಹೊಣೆ ಅಣ್ಣಯ್ಯನ ಮಗನದು.