ಕ್ರಿಸ್‌ಮಸ್ ದಿನ ಲಂಡನ್ ಸುತ್ತೋದು ಹೇಗೆ? ನಡಿಗೆ, ಸೈಕಲ್, ಕೋಚ್, ಟ್ಯಾಕ್ಸಿ ಎಲ್ಲಾ ನೋಡಿಯಾಯ್ತು

ಡಿಸೆಂಬರ್ 25ರಂದು ಲಂಡನ್‌ನಲ್ಲಿ ಟ್ಯೂಬ್ (ಇಲ್ಲಿನ ಮೆಟ್ರೋ) ಇಲ್ಲ, ಬಸ್ ಇಲ್ಲ, ಟ್ರಾಮ್ ಇಲ್ಲ, ರೈಲೂ ಇಲ್ಲ. ಕಡಿಮೆ ಓಡುತ್ತವೆ ಅಂತಲ್ಲ, ಒಂದೂ ಓಡುವುದಿಲ್ಲ. 24ರ ಸಂಜೆಯಿಂದಲೇ ಒಂದೊಂದಾಗಿ ನಿಲ್ಲುತ್ತಾ ಬರುತ್ತವೆ. ಊರಿಂದ ಬಂದ ನೆಂಟರಿಗೆ ಇದನ್ನು ನಂಬಿಸುವುದೇ ಒಂದು ಕೆಲಸ. ದೀಪಾವಳಿ ದಿನ ಬೆಂಗಳೂರಲ್ಲಿ ಮೆಟ್ರೋ, ಬಿಎಂಟಿಸಿ ಎರಡೂ ಪೂರ್ತಿ ಬಂದ್ ಆದ ಹಾಗೆ ಅಂದಾಗ, "ಹಬ್ಬದ ದಿನಾನೇ? ಯಾವ ಸೀಮೆ ಊರಮ್ಮ ಇದು!" ಎಂದಿದ್ದರು ನಮ್ಮ ಅತ್ತೆ.

ಬೀಗ ಅಷ್ಟಕ್ಕೇ ನಿಲ್ಲುವುದಿಲ್ಲ. ಬ್ರಿಟಿಷ್ ಮ್ಯೂಸಿಯಂ, ಟವರ್ ಆಫ್ ಲಂಡನ್ 24, 25, 26 ಮೂರೂ ದಿನ ಮುಚ್ಚಿರುತ್ತವೆ. ಲಂಡನ್ ಐ ಅನ್ನುವ ದೊಡ್ಡ ಚಕ್ರ ತಿರುಗುವುದಿಲ್ಲ. ಹೈಡ್ ಪಾರ್ಕ್‌ನಲ್ಲಿ ವಾರಗಟ್ಟಲೆ ನಡೆಯುವ ವಿಂಟರ್ ವಂಡರ್‌ಲ್ಯಾಂಡ್ ಜಾತ್ರೆಗೂ ಅವತ್ತು ರಜೆ. ಅಂಗಡಿಗಳ ಮಾತು ಬಿಡಿ, ಅದಕ್ಕೆ 2004ರ ಕಾನೂನೇ ಇದೆ. 280 ಚದರ ಮೀಟರ್‌ಗಿಂತ ದೊಡ್ಡ ಅಂಗಡಿ ಅವತ್ತು ಬಾಗಿಲು ತೆರೆಯುವ ಹಾಗಿಲ್ಲ. ಮೂಲೆಯ ಚಿಕ್ಕ ಅಂಗಡಿಗಳು ಮಾತ್ರ ಅಲ್ಲೊಂದು ಇಲ್ಲೊಂದು ತೆರೆದಿರುತ್ತವೆ.

ಮತ್ತೆ ನೋಡೋದಕ್ಕೆ ಏನಿದೆ? ಖಾಲಿ ಬೀದಿಗಳು. ಬೇರೆ ದಿನ ಭುಜಕ್ಕೆ ಭುಜ ತಾಗುವ ವೆಸ್ಟ್‌ಮಿನ್‌ಸ್ಟರ್ ಸೇತುವೆ ಮೇಲೆ ಆರಾಮಾಗಿ ನಿಂತು ಬಿಗ್ ಬೆನ್ ನೋಡಬಹುದು. ಟ್ರಫಾಲ್ಗರ್ ಚೌಕದ ಕ್ರಿಸ್‌ಮಸ್ ಮರದ ಬುಡದವರೆಗೂ ಹೋಗಬಹುದು. ಯುದ್ಧಕಾಲದ ಸಹಾಯಕ್ಕೆ ಕೃತಜ್ಞತೆ ಅಂತ ನಾರ್ವೆಯ ಓಸ್ಲೋ ನಗರ 1947ರಿಂದ ಪ್ರತಿ ವರ್ಷ ಕಳಿಸುವ ಮರ ಅದು. ಆದರೆ ಸಮಯ ಕಮ್ಮಿ. ಬೆಳಕು ಹರಿಯುವುದೇ ಎಂಟು ದಾಟಿದ ಮೇಲೆ, ನಾಲ್ಕಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಆ ಎಂಟು ಗಂಟೆಯಲ್ಲಿ ಏನು ನೋಡುತ್ತೀರಿ ಅನ್ನುವುದು ಹೇಗೆ ಓಡಾಡುತ್ತೀರಿ ಅನ್ನುವುದರ ಮೇಲೆ ನಿಂತಿದೆ. ನಮ್ಮ ಮನೆ ಇರುವುದು ಹ್ಯಾರೋ ಕಡೆ, ಊರ ಹೊರವಲಯ. ಹಾಗಾಗಿ ಒಂದೊಂದು ವರ್ಷ ಒಂದೊಂದು ದಾರಿ ಹಿಡಿದು ನೋಡಿದ್ದೇವೆ.

ಕೋಚ್ ಟೂರ್ ಕಥೆ ಮೊದಲು ಮುಗಿಸಿಬಿಡುತ್ತೇನೆ, ಅದರಲ್ಲಿ ಹೇಳೋದು ಜಾಸ್ತಿ ಇಲ್ಲ. ಕ್ರಿಸ್‌ಮಸ್ ದಿನಕ್ಕೆಂದೇ ಕೆಲವು ಕಂಪನಿಗಳು ದೊಡ್ಡ ಬಸ್ಸಿನಲ್ಲಿ ಊರು ತೋರಿಸುತ್ತವೆ. ಊಟವೂ ಸೇರಿದರೆ ತಲೆಗೆ ನೂರು ಪೌಂಡ್ ದಾಟುವುದು ಏನೂ ಕಷ್ಟವಲ್ಲ. ನಾವು ಹೋದ ಬಸ್ಸಿನಲ್ಲಿ ಹೀಟರ್ ಜೋರಾಗಿತ್ತು, ಹೊರಗೆ ಜಿಟಿಜಿಟಿ ಮಳೆ. ಕಿಟಕಿ ತುಂಬಾ ಮಂಜು ಕಟ್ಟಿ, ನನ್ನ ಮಗ ಸ್ವೆಟರ್ ತೋಳಿನಿಂದ ಗಾಜು ಒರೆಸುವುದರಲ್ಲೇ ಅರ್ಧ ಲಂಡನ್ ಕಳೆಯಿತು. ಇಳಿಸಿದ ಕಡೆ ಹದಿನೈದು ನಿಮಿಷ, ಫೋಟೋ, ವಾಪಸ್ ಬಸ್ಸು. ಗೈಡ್ ಮಾತ್ರ ಚೆನ್ನಾಗಿ ಮಾತಾಡುತ್ತಿದ್ದ. ಆದರೆ ಖಾಲಿ ಬೀದಿ ಸಿಗುವ ಒಂದೇ ಒಂದು ದಿನ ಅದನ್ನು ಗಾಜಿನ ಹಿಂದೆ ಕೂತು ನೋಡುವುದು ಎಂಥ ಸುಖ? ಊರಿಗೆ ತೀರಾ ಹೊಸಬರು, ಹೋಟೆಲಿನಲ್ಲಿ ಒಬ್ಬರೇ ಇದ್ದೀರಿ, ಹಬ್ಬದ ಊಟಕ್ಕೆ ನಾಲ್ಕು ಜನ ಜೊತೆಗಿರಲಿ ಅನ್ನಿಸಿದರೆ ಹೋಗಿ.

ಸೈಕಲ್ ಬೇರೆಯೇ ಲೋಕ. ರಸ್ತೆ ಬದಿಯ ಸ್ಟ್ಯಾಂಡ್‌ಗಳಲ್ಲಿ ನಿಂತಿರುವ ಕೆಂಪು ಸ್ಯಾಂಟ್ಯಾಂಡರ್ ಬಾಡಿಗೆ ಸೈಕಲ್‌ಗಳು ಕ್ರಿಸ್‌ಮಸ್ ದಿನವೂ ಸಿಗುತ್ತವೆ. ಅರ್ಧ ಗಂಟೆಯ ಒಂದು ಸವಾರಿಗೆ ನಾವು ಕೊಟ್ಟಿದ್ದು 1.65 ಪೌಂಡ್. ಅರ್ಧ ಗಂಟೆ ದಾಟಿದರೆ ಮತ್ತೆ ದುಡ್ಡು. ಕಾರ್ಡ್ ಕೊಟ್ಟರೆ ಐದಂಕಿಯ ಒಂದು ಕೋಡ್ ಬರುತ್ತದೆ, ಅದರಲ್ಲಿ ಇರುವುದು 1, 2, 3 ಮಾತ್ರ. ಸ್ಟ್ಯಾಂಡಿನ ಮೂರು ಗುಂಡಿಗಳನ್ನು ಅದೇ ಕ್ರಮದಲ್ಲಿ ಒತ್ತಬೇಕು. ಗ್ಲೌಸ್ ಹಾಕಿಕೊಂಡೇ ಒತ್ತಿದರೆ ಸರಿಯಾಗಿ ಕೂರುವುದಿಲ್ಲ, ತೆಗೆದರೆ ಬೆರಳು ಮರಗಟ್ಟುತ್ತದೆ. ಹಸಿರು ದೀಪ ಬಂದ ತಕ್ಷಣ ಸೀಟು ಹಿಡಿದು ಹಿಂದಕ್ಕೆ ಜಗ್ಗಿ ಎಳೆಯಿರಿ, ಸೈಕಲ್ ಭಾರ ಇದೆ. ವಾಪಸ್ ಇಡುವಾಗಲೂ ಜೋರಾಗಿ ತಳ್ಳಿ, ಹಸಿರು ದೀಪ ನೋಡಿಯೇ ಅಲ್ಲಿಂದ ಹೊರಡಬೇಕು. ದೀಪ ಬರಲಿಲ್ಲ ಅಂದರೆ ಸೈಕಲ್ ಇನ್ನೂ ನಿಮ್ಮ ಹೆಸರಲ್ಲೇ ಇದೆ, ಮೀಟರ್ ಓಡುತ್ತಿದೆ ಅಂತ ಅರ್ಥ.

ದಾರಿಯಂತೂ ಸೊಗಸು. ಹೈಡ್ ಪಾರ್ಕ್‌ನಿಂದ ಹೊರಟು ಬಕಿಂಗ್‌ಹ್ಯಾಮ್ ಅರಮನೆ, ಸೇಂಟ್ ಜೇಮ್ಸ್ ಪಾರ್ಕ್, ಪಾರ್ಲಿಮೆಂಟ್ ಹಾದು ಥೇಮ್ಸ್ ದಂಡೆಯುದ್ದಕ್ಕೂ ಟವರ್ ಕಡೆಗೆ ಸೈಕಲ್‌ಗಳಿಗೇ ಮಾಡಿದ ದಾರಿ ಇದೆ. ಹಿಂದಿನಿಂದ ಕಾರು ಬಂದೀತು ಅನ್ನುವ ಹೆದರಿಕೆ ಬಹುಪಾಲು ಇಲ್ಲ. ಬೆಳಿಗ್ಗೆ ಬೇಗ ಬಂದರೆ ಇನ್ನೊಂದು ತಮಾಷೆ ಸಿಗುತ್ತದೆ. ಹೈಡ್ ಪಾರ್ಕಿನ ಸರ್ಪೆಂಟೈನ್ ಕೆರೆಯಲ್ಲಿ ಒಂಬತ್ತಕ್ಕೆ ಈಜು ಪಂದ್ಯ. ದೂರ ಬರೀ ನೂರು ಗಜ, ಗೆದ್ದವರಿಗೆ ಪೀಟರ್ ಪ್ಯಾನ್ ಕಪ್. ಇಲ್ಲಿನ ಈಜು ಕ್ಲಬ್ಬಿನವರು 1864ರಿಂದ ನಡೆಸಿಕೊಂಡು ಬಂದಿದ್ದಾರೆ. ನೀರಿಗೆ ಇಳಿಯುವುದು ಸದಸ್ಯರು ಮಾತ್ರ, ದಡದಲ್ಲಿ ನಿಂತು ಕೂಗುವುದಕ್ಕೆ ಯಾರಾದರೂ ಆಗಬಹುದು. ಎಪ್ಪತ್ತು ದಾಟಿದಂತೆ ಕಾಣುವ ಅಜ್ಜ ಚಡ್ಡಿಯಲ್ಲಿ ನಿಂತು ತಣ್ಣಗೆ ಹರಟೆ ಹೊಡೆಯುತ್ತಿದ್ದರೆ, ಮೂರು ಸ್ವೆಟರ್ ಹಾಕಿಕೊಂಡಿದ್ದ ನನಗೇ ನಡುಕ.

ಸೈಕಲ್ಲಿಗೆ ಎರಡು ತೊಡಕು. ಒಂದು, ಹದಿನಾಲ್ಕು ವರ್ಷದೊಳಗಿನ ಮಕ್ಕಳು ಓಡಿಸುವ ಹಾಗಿಲ್ಲ, ಮಗುವನ್ನು ಕೂರಿಸಿಕೊಳ್ಳುವ ಸೀಟೂ ಇಲ್ಲ. ಇನ್ನೊಂದು, ಇದೇ ಉಪಾಯ ಎಲ್ಲರಿಗೂ ಹೊಳೆದಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಹೈಡ್ ಪಾರ್ಕ್ ಸುತ್ತಮುತ್ತ ಕೆಲವು ಸ್ಟ್ಯಾಂಡ್‌ಗಳು ಪೂರ್ತಿ ಖಾಲಿ, ಕೆಲವು ಪೂರ್ತಿ ಭರ್ತಿ. ಸೈಕಲ್ ಇಡಲು ಜಾಗ ಹುಡುಕಿಕೊಂಡು ಗಲ್ಲಿ ಗಲ್ಲಿ ತಿರುಗಬೇಕಾಗುತ್ತದೆ.

ಅತ್ತೆ, ಮಾವ ದಾವಣಗೆರೆಯಿಂದ ಬಂದಿದ್ದ ವರ್ಷ ಸೈಕಲ್ ಮಾತೇ ಎತ್ತಲಿಲ್ಲ. ಕಾರಲ್ಲಿ ಹೋಗಿ, ಆಮೇಲೆ ನಡಿಗೆ. ಹೊರವಲಯದಲ್ಲಿ ಇರುವವರಿಗೆ ಇದೊಂದು ಗುಟ್ಟಿನ ಲಾಭ. ನಗರದ ಮಧ್ಯಕ್ಕೆ ಕಾರು ತಂದರೆ ಕಟ್ಟಬೇಕಾದ ಕಂಜೆಷನ್ ಚಾರ್ಜ್ ಕ್ರಿಸ್‌ಮಸ್‌ನಿಂದ ಹೊಸ ವರ್ಷದ ದಿನದವರೆಗೆ ಇರುವುದಿಲ್ಲ. ಹೊಗೆ ಜಾಸ್ತಿ ಬಿಡುವ ಹಳೇ ಕಾರುಗಳಿಗೆ ಹಾಕುವ ಯೂಲೆಜ್ ಶುಲ್ಕ ಕೂಡ ವರ್ಷದಲ್ಲಿ 25ರಂದು ಒಂದೇ ದಿನ ಇಲ್ಲ. ಮಾಮೂಲಿ ದಿನ ಎರಡು ಸಲ ಯೋಚಿಸುವವರೂ ಅವತ್ತು ನೇರ ನಗರದ ಮಧ್ಯಕ್ಕೇ ಕಾರು ತರಬಹುದು. ಪಾರ್ಕಿಂಗ್ ಬೋರ್ಡ್ ಓದಿಯೇ ಕಾರು ನಿಲ್ಲಿಸಿ, ಒಂದೊಂದು ಏರಿಯಾದಲ್ಲಿ ಒಂದೊಂದು ನಿಯಮ.

ನಡಿಗೆಗೆ ನನ್ನ ಮೆಚ್ಚಿನ ದಾರಿ ಟ್ರಫಾಲ್ಗರ್ ಚೌಕದಿಂದ ವೈಟ್‌ಹಾಲ್, ವೆಸ್ಟ್‌ಮಿನ್‌ಸ್ಟರ್ ಸೇತುವೆ, ಸೇತುವೆ ದಾಟಿ ಬಲಕ್ಕೆ. ಅಲ್ಲಿ ನದಿ ದಂಡೆಯ ಗೋಡೆ ತುಂಬಾ ಕೆಂಪು ಹೃದಯಗಳು. ಕೋವಿಡ್‌ನಲ್ಲಿ ತೀರಿಕೊಂಡ ಒಬ್ಬೊಬ್ಬರಿಗೂ ಒಂದೊಂದು, ಸುಮಾರು ಅರ್ಧ ಕಿಲೋಮೀಟರ್ ಉದ್ದಕ್ಕೆ. ಕೈಯಲ್ಲಿ ಬರೆದ ಹೆಸರುಗಳನ್ನು ಓದುತ್ತಾ ಅತ್ತೆ ಹಿಂದೆ ಉಳಿದರು. ಲ್ಯಾಂಬೆತ್ ಸೇತುವೆ ಹತ್ತದೆ, ಅದೇ ದಂಡೆಯಲ್ಲಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಸ್ವಲ್ಪ ಮುಂದೆ ಹೋದರೆ ನಮ್ಮ ಬಸವಣ್ಣ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿ ಮೂಲದ ನೀರಜ್ ಪಾಟೀಲರು ಓಡಾಡಿ ಮಾಡಿಸಿದ್ದು. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದರು. ಮಾವ ಉಣ್ಣೆ ಟೋಪಿ ತೆಗೆದು, ಗ್ಲೌಸ್ ಬಿಚ್ಚಿ ಕೋಟಿನ ಜೇಬಿಗೆ ತುರುಕಿ, ಕೈ ಮುಗಿದು ನಿಂತರು. "ಮಾವ, ಟೋಪಿ ಹಾಕ್ಕೊಳ್ಳಿ, ಗಾಳಿ ಇದೆ" ಅಂದೆ. "ಇರ್ಲಿ ಬಿಡಮ್ಮ, ಅಪ್ಪನ ಮುಂದೆ ಎಂಥ ಚಳಿ" ಅಂದರು. ನಾವು ಹತ್ತಿದ್ದ ಕೋಚ್ ಈ ಕಡೆ ತಲೆಯನ್ನೂ ಹಾಕಿರಲಿಲ್ಲ.

ನಡಿಗೆಯ ದೊಡ್ಡ ಕಷ್ಟ ಚಳಿಯಲ್ಲ, ಟಾಯ್ಲೆಟ್. ಮ್ಯೂಸಿಯಂ, ಅಂಗಡಿ, ಸ್ಟೇಷನ್ ಎಲ್ಲಾ ಮುಚ್ಚಿದರೆ ವಯಸ್ಸಾದವರು ಎಲ್ಲಿಗೆ ಹೋಗಬೇಕು? ದೊಡ್ಡ ಹೋಟೆಲೊಂದರ ಲೌಂಜಿನಲ್ಲಿ ಕೂತು ಕಾಫಿ ಕುಡಿಯುವುದೇ ಇದಕ್ಕೆ ದಾರಿ. ಆ ಕಾಫಿ ದುಬಾರಿ ಅಂತ ಗೊಣಗಬೇಡಿ, ದುಡ್ಡು ಕಾಫಿಗೆ ಕೊಡುತ್ತಿರುವುದಲ್ಲ. ಊಟಕ್ಕೆ ನಾವು ಪುಳಿಯೋಗರೆ, ಚಪಾತಿ ಕಟ್ಟಿಕೊಂಡು ಹೋಗುತ್ತೇವೆ. ಬಿಸಿ ಊಟವೇ ಬೇಕು ಅಂದರೆ ಚೈನಾಟೌನ್, ಎಜ್ವೇರ್ ರೋಡ್ ಕಡೆ ಹೋಗಿ, ಅಲ್ಲಿ ಬಹಳಷ್ಟು ಹೋಟೆಲ್‌ಗಳಿಗೆ ಅದು ಮಾಮೂಲಿ ದಿನ. ಎಜ್ವೇರ್ ರೋಡಿನ ಲೆಬನೀಸ್ ಹೋಟೆಲ್‌ಗಳಲ್ಲಿ ಹಮ್ಮಸ್, ಫಲಾಫಲ್ ಸಿಗುವುದರಿಂದ ಸಸ್ಯಾಹಾರಿಗಳಿಗೂ ಚಿಂತೆಯಿಲ್ಲ.

ಕಪ್ಪು ಟ್ಯಾಕ್ಸಿ ದುಬಾರಿಯೇ. ರಜಾದಿನ ಅಂತ ಮೀಟರ್ ಹೆಚ್ಚಿನ ದರದಲ್ಲಿ ಓಡುತ್ತದೆ, ಮೇಲೆ ಕ್ರಿಸ್‌ಮಸ್ ಅಂತ 4 ಪೌಂಡ್‌ವರೆಗೆ ಬೇರೆ ಸೇರಿಸುತ್ತಾರೆ. ಆದರೂ ನನಗೆ ಕೋಚ್‌ಗಿಂತ ಇದೇ ಮೇಲು. ಎದುರುಬದುರು ಕೂತರೆ ಐದು ಜನ ಹಿಡಿಸುತ್ತಾರೆ, ಗಾಲಿಕುರ್ಚಿಗೆ ರ‍್ಯಾಂಪ್ ಇರುತ್ತದೆ, ಬೇಕಾದಲ್ಲಿ ನಿಲ್ಲಿಸಿ ಅನ್ನಬಹುದು. ನಮಗೆ ಸಿಕ್ಕ ಡ್ರೈವರ್, ಸಂಜೆ ನಾಲ್ಕರ ಕತ್ತಲಲ್ಲಿ ರೀಜೆಂಟ್ ಸ್ಟ್ರೀಟ್ ದೀಪಗಳ ಕೆಳಗೆ ನಿಧಾನ ಓಡಿಸಿ, "ನಾಳೆ ಇಲ್ಲಿ ಸೇಲ್ ಗಲಾಟೆ, ಈಗಲೇ ನೋಡಿಕೊಳ್ಳಿ" ಎಂದ. ಇಡೀ ದಿನಕ್ಕೆ ಟ್ಯಾಕ್ಸಿ ಮಾಡುವುದು ಮೂರ್ಖತನ. ಸಂಜೆ ಅರ್ಧ ಗಂಟೆ, ದೀಪ ನೋಡುವುದಕ್ಕೆ ಮಾತ್ರ ಮಾಡಿದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆ ಹೊತ್ತಿಗೆ ನಿಮ್ಮ ಕಾರು ತರಬೇಡಿ. ಬೆಳಿಗ್ಗೆ ಖಾಲಿ ಹೊಡೆಯುತ್ತಿದ್ದ ರಸ್ತೆಗೆ ದೀಪ ನೋಡೋಕೆ ಬಂದವರ ಕಾರುಗಳೇ ಸಾಲುಗಟ್ಟಿರುತ್ತವೆ.

ಇಷ್ಟೆಲ್ಲ ರಗಳೆ ಯಾಕೆ, 26ಕ್ಕೇ ಹೋಗಬಹುದಲ್ವಾ ಅಂತ ಕೇಳುವವರಿದ್ದಾರೆ. ಹೋಗಬಹುದು. ಟ್ಯೂಬ್, ಬಸ್ ಕಡಿಮೆ ಸಂಖ್ಯೆಯಲ್ಲಿ ಓಡುತ್ತವೆ, ಅಂಗಡಿಗಳಲ್ಲಿ ಸೇಲ್. ಆದರೆ ಬ್ರಿಟಿಷ್ ಮ್ಯೂಸಿಯಂ, ಟವರ್ ಆಗಲೂ ಮುಚ್ಚಿರುತ್ತವೆ, ಆಕ್ಸ್‌ಫರ್ಡ್ ಸ್ಟ್ರೀಟ್‌ನಲ್ಲಿ ಕಾಲಿಡಲು ಜಾಗವಿಲ್ಲ. ಶಾಪಿಂಗ್‌ಗೆ 26, ಊರು ನೋಡೋದಕ್ಕೆ 25. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಗಂಡ ಹೆಂಡತಿ ಇಬ್ಬರೇ, ಅಥವಾ ಸ್ನೇಹಿತರು ಅಂದರೆ ಸೈಕಲ್‌ಗೆ ಸಮನಾದದ್ದು ಇಲ್ಲ. ಹಿರಿಯರಿದ್ದರೆ ಬೆಳಿಗ್ಗೆ ಕಾರು, ಎರಡು ಕಿಲೋಮೀಟರ್ ನಡಿಗೆ, ಮಧ್ಯೆ ಹೋಟೆಲ್ ಲೌಂಜು. ನಗರದ ಮಧ್ಯದಲ್ಲೇ ಉಳಿದುಕೊಂಡವರು ಸುಮ್ನೆ ನಡೆಯಿರಿ, ಸಂಜೆಗೊಂದು ಟ್ಯಾಕ್ಸಿ ಸಾಕು. ಈ ಸಲ ನನ್ನ ತಂಗಿ ಬರುತ್ತಿದ್ದಾಳೆ, ಅವಳ ಮಗಳಿಗೆ ಇನ್ನೂ ಏಳು ವರ್ಷ, ಹಾಗಾಗಿ ಸೈಕಲ್ ಇಲ್ಲ. ಸರ್ಪೆಂಟೈನ್ ಈಜು ನೋಡಲೇಬೇಕು ಅಂತ ತಂಗಿ ಹಟ ಹಿಡಿದಿದ್ದಾಳೆ. ಒಂಬತ್ತಕ್ಕೆ ಅಲ್ಲಿರಬೇಕಾದರೆ ಕತ್ತಲಲ್ಲೇ ಎದ್ದು ಹೊರಡಬೇಕು. ರಜೆಯಲ್ಲಿ ಹತ್ತಕ್ಕೆ ಮುಂಚೆ ಏಳದ ಅವಳನ್ನು ಎಬ್ಬಿಸುವ ಕೆಲಸ ನಮ್ಮ ಯಜಮಾನರಿಗೆ ವಹಿಸಿದ್ದೇನೆ.