ಶಾಲೆಯೊಳಗಿನ ತಾರತಮ್ಯಕ್ಕೆ 1098 ಸಹಾಯವಾಣಿ ಎಷ್ಟು ಉಪಯುಕ್ತ?

1098 ಮಕ್ಕಳ ಸಹಾಯವಾಣಿಯನ್ನು ಇಲ್ಲಿ ಒಂದೇ ದೃಷ್ಟಿಯಿಂದ ನೋಡುತ್ತಿದ್ದೇನೆ: ಶಾಲೆಯಲ್ಲಿ ಜಾತಿಯ ಕಾರಣಕ್ಕೆ ಭೇದ ಅನುಭವಿಸುವ ಮಗುವಿಗೆ ಅದು ಎಷ್ಟರಮಟ್ಟಿಗೆ ಆಸರೆಯಾಗುತ್ತದೆ? 1996ರಲ್ಲಿ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಯೋಜನೆಯಾಗಿ ಆರಂಭವಾದ ಈ ಸೇವೆ ಈಗ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಸರ್ಕಾರದ ವ್ಯವಸ್ಥೆಯೊಳಗೆ ಸೇರಿದೆ. ಕರೆ ಉಚಿತ, ಹಗಲು ರಾತ್ರಿ ಲಭ್ಯ, ದೊಡ್ಡವರ ಒಪ್ಪಿಗೆಯಿಲ್ಲದೆ ಮಗುವೇ ಮಾತನಾಡಬಹುದು. ಹೊಡೆತ, ಬಾಲ್ಯವಿವಾಹ, ದುಡಿಮೆಯಂಥ ಸಂಕಟಗಳಿಗೆ ಇದಕ್ಕಿಂತ ಹತ್ತಿರದ ಬಾಗಿಲು ನಮ್ಮ ಹಳ್ಳಿಯ ಮಕ್ಕಳಿಗೆ ಇಲ್ಲ.

ತಾರತಮ್ಯದ ಸಂಗತಿ ಮಾತ್ರ ಬೇರೆ. ಬಿಸಿಯೂಟದ ಪಂಕ್ತಿಯಲ್ಲಿ ಯಾರು ಎಲ್ಲಿ ಕೂರುತ್ತಾರೆ, ಶೌಚಾಲಯ ತೊಳೆಯಲು ದಿನವೂ ಯಾರ ಹೆಸರು ಕೂಗಲಾಗುತ್ತದೆ, ನೀರಿನ ಕೊಡವನ್ನು ಯಾರು ಮುಟ್ಟಬಾರದು ಎಂಬುವು ಒಂದು ದಿನದ ಘಟನೆಗಳಲ್ಲ, ರೂಢಿಗಳು. ಮಕ್ಕಳು ತಮ್ಮ ಗೆಳೆಯರ ಪಕ್ಕ ಕೂರುತ್ತಾರಷ್ಟೆ ಎಂದು ಮೇಷ್ಟರು ಪ್ರಾಮಾಣಿಕವಾಗಿಯೇ ನಂಬಿರಬಹುದು. ಆದರೆ ಕೊನೆಯಲ್ಲಿ ಕೂತ ಹುಡುಗಿಗೆ ತನ್ನನ್ನು ಅಲ್ಲಿಗೆ ಸರಿಸಿದ ಕೈ ಯಾರದೆಂದು ಚೆನ್ನಾಗಿ ಗೊತ್ತಿರುತ್ತದೆ. ಹಾಗಿದ್ದರೂ ಅದು ದೂರು ಕೊಡಬಹುದಾದ ವಿಷಯ ಎಂದು ಅವಳಿಗೆ ಹೊಳೆಯುವುದಿಲ್ಲ. ಹೊಟ್ಟೆನೋವೆಂದು ಹೇಳಿ ಮನೆಯಲ್ಲೇ ಉಳಿಯುತ್ತಾಳೆ. ಏನಾಯಿತು, ಯಾವಾಗ, ಯಾರಿಂದ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕಾಗಲಷ್ಟೇ ಮುಂದೆ ಸಾಗಬಲ್ಲ ಸಹಾಯವಾಣಿಗೆ ಇಂಥ ಮಗುವಿನ ಮೌನವನ್ನು ಒಡೆಯುವುದು ಕಷ್ಟ. ಜೊತೆಗೆ ಇಪ್ಪತ್ತು ಮೂವತ್ತು ಮಕ್ಕಳ ಶಾಲೆಗೆ ಅಧಿಕಾರಿಗಳು ವಿಚಾರಣೆಗೆ ಬಂದರೆ, ಕರೆ ಮಾಡಿದವರ ಹೆಸರನ್ನು ಎಷ್ಟೇ ಗುಟ್ಟಾಗಿಟ್ಟರೂ ಅದು ಯಾರ ಮನೆಯಿಂದ ಹೋಯಿತೆಂದು ಊರು ಊಹಿಸಿಬಿಡುತ್ತದೆ. ಈ ಭಯವನ್ನು ಹಗುರವಾಗಿ ಕಾಣಬಾರದು. ಅದೇ ಊರಿನ ಹೊಲದಲ್ಲಿ ಕೂಲಿ ಮಾಡುವ ತಂದೆತಾಯಿಗೆ ಅದು ಅನ್ನದ ಪ್ರಶ್ನೆ.

ಹೀಗಾಗಿ ತುರ್ತು ಸಂದರ್ಭಕ್ಕೆ 1098 ಅನ್ನು ಹಿಂಜರಿಯದೆ ಶಿಫಾರಸು ಮಾಡುತ್ತೇನೆ, ರೂಢಿಯಾದ ಭೇದಕ್ಕೆ ಅದೊಂದೇ ಸಾಲದೆಂದೂ ಹೇಳುತ್ತೇನೆ. ಅದರ ಜೊತೆಗೆ ಬಳಸಬೇಕಾದದ್ದು 2009ರ ಶಿಕ್ಷಣ ಹಕ್ಕು ಕಾಯ್ದೆ. ದುರ್ಬಲ ವರ್ಗದ ಮತ್ತು ಅವಕಾಶವಂಚಿತ ಗುಂಪಿನ ಮಕ್ಕಳ ವಿರುದ್ಧ ತಾರತಮ್ಯ ನಡೆಯದಂತೆ ನೋಡಿಕೊಳ್ಳುವ ಹೊಣೆಯನ್ನು ಅದರ 8ನೇ ಕಲಂ ಸರ್ಕಾರದ ಮೇಲೆ, 9ನೇ ಕಲಂ ಪಂಚಾಯಿತಿ, ನಗರಸಭೆಯಂಥ ಸ್ಥಳೀಯ ಪ್ರಾಧಿಕಾರದ ಮೇಲೆ ಹೊರಿಸುತ್ತವೆ. 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 32ನೇ ಕಲಂ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ಕೊಟ್ಟ ಲಿಖಿತ ದೂರು ಮೂರು ತಿಂಗಳೊಳಗೆ ಇತ್ಯರ್ಥವಾಗಬೇಕು, ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಈ ದೂರನ್ನು ಯಾವುದೇ ವ್ಯಕ್ತಿ ಕೊಡಬಹುದೆಂದು ಕಾಯ್ದೆ ಹೇಳುವುದರಿಂದ, ನೊಂದ ಮನೆಯವರನ್ನು ಮುಂದೆ ನಿಲ್ಲಿಸದೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರೋ ಬೇರೆ ಪೋಷಕರೋ ಪಂಕ್ತಿಯ ಕ್ರಮವನ್ನೂ ಶೌಚಾಲಯದ ಸರದಿಯನ್ನೂ ದಿನಾಂಕಸಹಿತ ಬರೆದು, ಸಹಿ ಹಾಕಿ, ಸ್ವೀಕೃತಿ ಪಡೆಯಬಹುದು.